ಎರಡು ನದಿಗಳ ನಡುವಿನ ಬಾಯಾರಿಕೆ

ನಮ್ಮ ಉತ್ತರ ಕರ್ನಾಟಕದ ಹಿರಿಯರು ಕಾಲವನ್ನು ಎಣಿಸುವಾಗ ಇಸವಿಗಳನ್ನು ಹೇಳುತ್ತಿದ್ದುದು ಕಡಿಮೆ. ಮಗ ಹುಟ್ಟಿದ್ದು ದೊಡ್ಡ ಬರದ ವರುಷ, ಮಗಳ ಮದುವೆಯಾದದ್ದು ಹೊಳೆ ಬಂದ ವರುಷ, ಮನೆ ಕಟ್ಟಿದ್ದು ಜೋಳ ಹುಲುಸಾಗಿ ಬೆಳೆದ ವರುಷ. ಹೀಗೆ ಮಳೆಯೇ ಅವರ ಪಂಚಾಂಗವಾಗಿತ್ತು. ಮಳೆ ಬಂದರೆ ಬಾಳು, ಬಾರದಿದ್ದರೆ ಗೋಳು ಎಂಬುದನ್ನು ಅವರು ಹಣೆಬರಹವೆಂದು ಒಪ್ಪಿಕೊಂಡಿದ್ದರು.

ಆದರೆ ಇತಿಹಾಸವನ್ನು ತಾಳ್ಮೆಯಿಂದ ಓದಿದವರಿಗೆ ಬೇರೊಂದು ಸತ್ಯ ಗೋಚರಿಸುತ್ತದೆ. ಮಳೆ ತಪ್ಪುವುದು ಆಕಾಶದ ಸಂಗತಿ. ಮನುಷ್ಯ ಹಸಿಯುವುದು ನೆಲದ ಸಂಗತಿ. ಒಂದೇ ಮೋಡ ಇಬ್ಬರ ಹೊಲಗಳನ್ನೂ ಮರೆತು ಹೋದಾಗ ಒಬ್ಬನು ಕಣಜದ ಬಾಯಿ ತೆರೆಯುತ್ತಾನೆ, ಇನ್ನೊಬ್ಬನು ಗಂಟುಮೂಟೆ ಕಟ್ಟಿ ಊರು ಬಿಡುತ್ತಾನೆ. ಈ ಅಂತರವನ್ನು ಉಂಟುಮಾಡಿದ್ದು ಮೋಡವಲ್ಲ. ಹವಾಮಾನ ಬದಲಾವಣೆಯ ಬಗ್ಗೆ ಜಗತ್ತೆಲ್ಲ ಮಾತನಾಡುತ್ತಿರುವ ಈ ದಿನಗಳಲ್ಲಿ ಯಾದಗಿರಿ, ಶಹಾಪುರ, ಸುರಪುರಗಳ ಕಥೆಯನ್ನು ನೆನೆಯಬೇಕಾದದ್ದು ಈ ಕಾರಣಕ್ಕಾಗಿ.

ಬುಗ್ಗೆಯ ಬಳಿ ನೆಲೆನಿಂತವರು

ಕೃಷ್ಣೆ ಮತ್ತು ಭೀಮೆಯರ ನಡುವೆ ಚಾಚಿಕೊಂಡಿರುವ ಸುರಪುರ-ಶಹಾಪುರದ ನೆಲವನ್ನು ಹಳೆಯ ಬರಹಗಾರರು ಶೋರಾಪುರ ದೋಆಬ ಎಂದು ಕರೆದರು. ಎರಡು ನದಿಗಳ ನಡುವಿನ ನಾಡು ಎಂದು ಅದರರ್ಥ. ಭೀಮೆಯನ್ನು ದಾಟಿದರೆ ಯಾದಗಿರಿ. ಎರಡು ಮಹಾನದಿಗಳಿದ್ದೂ ಇದು ಬಾಯಾರಿದ ನೆಲ. ಪಶ್ಚಿಮ ಘಟ್ಟಗಳು ಮುಂಗಾರಿನ ಮೋಡಗಳನ್ನು ತಡೆದು ಉಳಿಸಿಕೊಂಡ ಮೇಲೆ ಮಿಕ್ಕ ಮಳೆ ಮಾತ್ರ ಇಲ್ಲಿಗೆ ತಲಪುತ್ತದೆ. ವರ್ಷದ ಮಳೆ ಏಳುನೂರು ಮಿಲಿಮೀಟರಿನ ಆಸುಪಾಸು, ಅದೂ ನಂಬುವಂಥದ್ದಲ್ಲ. ಬೇಸಿಗೆಯ ಬಿಸಿಲು 40 ಡಿಗ್ರಿಯನ್ನು ಮೀರಿ ಏರುತ್ತದೆ.

ಹಾಗಿದ್ದರೂ ಮನುಷ್ಯನು ಇಲ್ಲಿ ನೆಲೆಸಿದ್ದು ನಿನ್ನೆ ಮೊನ್ನೆಯಲ್ಲ. ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ತ್ವಜ್ಞ ಕೆ. ಪದ್ದಯ್ಯನವರು ಹುಣಸಗಿ ಮತ್ತು ಬೈಚಬಾಳ ಕಣಿವೆಗಳಲ್ಲಿ ದಶಕಗಳ ಕಾಲ ನಡೆದಾಡಿ ಆದಿಮಾನವನ ನೂರಾರು ನೆಲೆಗಳನ್ನು ಗುರುತಿಸಿದರು. ಇಸಾಂಪುರದಲ್ಲಿ ದೊರೆತ ಕಲ್ಲಿನ ಆಯುಧಗಳ ಕಾರ್ಖಾನೆ ಸುಮಾರು 12 ಲಕ್ಷ ವರ್ಷಗಳಷ್ಟು ಹಳೆಯದೆಂದು ಅಂದಾಜು. ಆ ಜನ ಈ ಕಣಿವೆಯನ್ನು ಆರಿಸಿಕೊಂಡದ್ದೇಕೆ? ಸುತ್ತಲ ಹಳ್ಳಗಳು ಬತ್ತಿದಾಗಲೂ ಇಲ್ಲಿನ ಬುಗ್ಗೆಗಳಲ್ಲಿ ನೀರು ಜಿನುಗುತ್ತಿತ್ತು. ಸುರಪುರದ ಸೀಮೆಯ ಬೂದಿಹಾಳದಲ್ಲಿ ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ದನಗಾಹಿಗಳು ವಾಸಿಸುತ್ತಿದ್ದರು. ಅವರು ಸುಟ್ಟ ಸಗಣಿಯ ರಾಶಿಗಳೇ ಇಂದಿನ ಬೂದಿ ದಿಬ್ಬಗಳು. ಊರಿನ ಹೆಸರಿನಲ್ಲಿಯೂ ಬೂದಿಯೇ ಉಳಿದಿದೆ. ಒಣನಾಡಿನಲ್ಲಿ ಬದುಕುವುದಕ್ಕೆ ಬೇಕಾದ ವಿದ್ಯೆ ಇಲ್ಲಿಯ ಜನರಿಗೆ ಹೊಸದಲ್ಲ, ಅದು ಈ ನೆಲದಷ್ಟೇ ಹಳೆಯದು.

ಕೆರೆ ಮತ್ತು ಹಗೇವು

ಆ ವಿದ್ಯೆಗೆ ಎರಡು ಮುಖಗಳಿದ್ದವು. ಒಂದು ಕೆರೆ, ಇನ್ನೊಂದು ಹಗೇವು.

ಮೊದಲು ವಾಗಿನಗೇರಿಯಲ್ಲಿಯೂ ಅನಂತರ ಸುರಪುರದಲ್ಲಿಯೂ ಆಳಿದ ಬೇಡ ನಾಯಕರನ್ನು ನಾವು ಹೆಚ್ಚಾಗಿ ಅವರ ಶೌರ್ಯಕ್ಕಾಗಿ ನೆನೆಯುತ್ತೇವೆ. 1705ರಲ್ಲಿ ಮುಪ್ಪಿನ ಔರಂಗಜೇಬನು ತನ್ನ ಕೊನೆಯ ದೊಡ್ಡ ಮುತ್ತಿಗೆಯನ್ನು ಹಾಕಿದ್ದು ವಾಗಿನಗೇರಿಯ ಕೋಟೆಗೇ. ಆದರೆ ಕೋಟೆ ಕಟ್ಟಿದ ಕೈಗಳು ಕೆರೆಯನ್ನೂ ಕಟ್ಟಿದವು. ಸುರಪುರದ ಸಮೀಪದ ಬೋನಾಳ ಕೆರೆ ಅದಕ್ಕೆ ಸಾಕ್ಷಿ. ನಾಯಕರ ಕಾಲದ ಈ ಕೆರೆಯನ್ನು 19ನೆಯ ಶತಮಾನದಲ್ಲಿ ಅಭಿವೃದ್ಧಿಪಡಿಸಿದವರು ಫಿಲಿಪ್ ಮೆಡೋಸ್ ಟೇಲರ್. ಅಪ್ರಾಪ್ತ ವಯಸ್ಸಿನ ರಾಜ ವೆಂಕಟಪ್ಪ ನಾಯಕನ ಪರವಾಗಿ ಸಂಸ್ಥಾನದ ಆಡಳಿತವನ್ನು ನೋಡಿಕೊಳ್ಳಲು 1841ರಲ್ಲಿ ಬಂದ ಈ ಬ್ರಿಟಿಷ್ ಅಧಿಕಾರಿ 1853ರವರೆಗೆ ಇಲ್ಲಿದ್ದರು. ಸುರಪುರದ ಗುಡ್ಡದ ಮೇಲೆ ಅವರು ಕಟ್ಟಿಸಿದ ಮನೆ ಟೇಲರ್ ಮಂಜಿಲ್ ಎಂದು ಹೆಸರಾಗಿದೆ. ಒಣನಾಡಿನಲ್ಲಿ ರಾಜ್ಯವಾಳುವುದೆಂದರೆ ಮೊದಲು ನೀರನ್ನು ಹಿಡಿದಿಡುವುದು ಎಂಬ ಮಾತು ಅವರಿಗೆ ಮನದಟ್ಟಾಗಿತ್ತು. ಇಂದು ಬೋನಾಳ ಪಕ್ಷಿಧಾಮವೆಂದು ಪ್ರಸಿದ್ಧ. ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಇಲ್ಲಿಗೆ ಬರುತ್ತವೆ.

ಹಗೇವು ಸಾಮಾನ್ಯರ ಬ್ಯಾಂಕು. ಕರಿನೆಲದ ಊರುಗಳಲ್ಲಿ ಮನೆಯ ಮುಂದೆಯೋ ಹಿತ್ತಲಿನಲ್ಲಿಯೋ ಆಳವಾದ ಗುಂಡಿ ತೋಡಿ, ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಮಣ್ಣು ಮೆತ್ತುತ್ತಿದ್ದರು. ಗಾಳಿಯಾಡದ ಆ ಕತ್ತಲೆಯಲ್ಲಿ ಜೋಳ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಹಗೇವು ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಹೋಗುವವರೆಗೂ ಕಾಯುತ್ತಿದ್ದರು. ಆ ಜೋಳ ಕೂಡ ಈ ನೆಲಕ್ಕೆ ಒಪ್ಪುವ ಬೆಳೆ. ಕರಿಮಣ್ಣು ಹಿಡಿದಿಟ್ಟ ತೇವದಲ್ಲಿಯೇ ಹಿಂಗಾರಿ ಜೋಳ ಚಳಿ ಮತ್ತು ಇಬ್ಬನಿಯ ದಿನಗಳಲ್ಲಿ ಬೆಳೆದು ನಿಲ್ಲುತ್ತದೆ. ಅದು ಮನುಷ್ಯನಿಗೆ ರೊಟ್ಟಿಯನ್ನೂ ದನಕ್ಕೆ ಕಣಕಿಯನ್ನೂ ಕೊಡುತ್ತದೆ. ಸಮೃದ್ಧಿಯ ಏಳು ವರ್ಷಗಳಲ್ಲಿ ಧಾನ್ಯ ಕೂಡಿಟ್ಟು ಕ್ಷಾಮದ ಏಳು ವರ್ಷಗಳನ್ನು ಎದುರಿಸಿದ ಯೋಸೇಫನ ಕಥೆ ನಮಗೆಲ್ಲ ಗೊತ್ತು. ನಮ್ಮ ರೈತನೂ ಆ ಪಾಠವನ್ನು ತನ್ನ ಅಂಗಳದಲ್ಲಿಯೇ ಬರೆದಿಟ್ಟಿದ್ದನು.

ಬರಗಳು ಆಗಲೂ ಬಂದವು. 14ನೆಯ ಶತಮಾನದ ಕೊನೆಯಲ್ಲಿ ಆರಂಭವಾದ ದುರ್ಗಾದೇವಿ ಬರ ದಖನ್ನಿನಲ್ಲಿ ಹನ್ನೆರಡು ವರ್ಷ ಕಾಡಿತೆಂಬ ಪ್ರತೀತಿಯಿದೆ. 1630-32ರ ಕ್ಷಾಮ ಲಕ್ಷಾಂತರ ಜನರನ್ನು ಬಲಿತೆಗೆದುಕೊಂಡಿತು. ಹಳೆಯ ಕಾಲವನ್ನು ಸುವರ್ಣಯುಗವೆಂದು ಹೊಗಳುವುದು ತಪ್ಪಾದೀತು. ಆದರೂ ಕೆರೆ ತುಂಬಿದ್ದಲ್ಲಿ, ಹಗೇವು ಬರಿದಾಗದಿದ್ದಲ್ಲಿ, ಒಂದು ವರ್ಷದ ಮಳೆ ತಪ್ಪಿದರೆ ಬದುಕು ಒಂದು ವರ್ಷವಾದರೂ ತಾಳುತ್ತಿತ್ತು.

ಧಾತು-ಈಶ್ವರ ಸಂವತ್ಸರಗಳು

ಈ ಭದ್ರತೆ ಸಡಿಲಗೊಂಡದ್ದು 19ನೆಯ ಶತಮಾನದಲ್ಲಿ. ವೆಂಕಟಪ್ಪ ನಾಯಕನು ಬ್ರಿಟಿಷರ ವಿರುದ್ಧ ದಂಗೆಯೆದ್ದು 1858ರಲ್ಲಿ ಮಡಿದನು. 1860ರಲ್ಲಿ ಸುರಪುರ ಸಂಸ್ಥಾನವನ್ನು ಹೈದರಾಬಾದಿನ ನಿಜಾಮನಿಗೆ ಒಪ್ಪಿಸಲಾಯಿತು. ಕೆರೆಯ ಕೋಡಿ ಒಡೆದರೆ ಕೇಳುವ ದೊರೆ ಹತ್ತಿರದಲ್ಲಿರಲಿಲ್ಲ. ರಾಜಧಾನಿ ದೂರವಾಯಿತು, ಅದರ ಭಾಷೆಯೂ ಬೇರೆಯಾಯಿತು. ಇದೇ ಕಾಲದಲ್ಲಿ ಅಮೆರಿಕದ ಅಂತರ್ಯುದ್ಧ (1861-65) ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿಯ ಅಭಾವವನ್ನು ತಂದಾಗ ದಖನ್ನಿನ ಕರಿನೆಲದಲ್ಲಿ ಹತ್ತಿಯ ಆಸೆ ಹಬ್ಬಿತು. ಯುದ್ಧ ಮುಗಿದೊಡನೆ ಬೆಲೆ ಕುಸಿಯಿತು, ಸಾಲ ಉಳಿಯಿತು. 1871ರಲ್ಲಿ ಮುಂಬಯಿಯಿಂದ ಬಂದ ರೈಲುದಾರಿ ರಾಯಚೂರಿನಲ್ಲಿ ಮದರಾಸಿನ ದಾರಿಯನ್ನು ಕೂಡಿತು. ಯಾದಗಿರಿ ಆ ದಾರಿಯ ಮೇಲಿನ ಊರು. ಹೊಲದ ಧಾನ್ಯಕ್ಕೆ ಈಗ ದೂರದ ಪೇಟೆಯ ಬೆಲೆ ಬಂದಿತು. ಕೂಡಿಡುವುದಕ್ಕಿಂತ ಮಾರುವುದೇ ಲಾಭವೆನ್ನಿಸಿತು; ಸಾಲಗಾರನಿಗಂತೂ ಮಾರದೆ ಬೇರೆ ದಾರಿಯಿರಲಿಲ್ಲ.

ಅನಂತರ ಬಂದದ್ದು ಧಾತು ಸಂವತ್ಸರ, ಅದರ ಬೆನ್ನಿಗೆ ಈಶ್ವರ ಸಂವತ್ಸರ. 1876ರಲ್ಲಿ ಮಳೆ ಕೈಕೊಟ್ಟಿತು. 1877ರಲ್ಲಿ ಮತ್ತೆ ಕೈಕೊಟ್ಟಿತು. ಮದರಾಸು, ಮುಂಬಯಿ ಪ್ರಾಂತಗಳು, ಮೈಸೂರು, ಹೈದರಾಬಾದು ಎಲ್ಲವೂ ತತ್ತರಿಸಿದವು. ಮೈಸೂರು ಸಂಸ್ಥಾನವೊಂದರಲ್ಲಿಯೇ ಸುಮಾರು ಹತ್ತು ಲಕ್ಷ ಜನ ಸತ್ತರು. ಅದೇ ವೇಳೆ, 1877ರ ಜನವರಿ 1ರಂದು, ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಸಾರಲು ದೆಹಲಿಯಲ್ಲಿ ಲಾರ್ಡ್ ಲಿಟ್ಟನ್ನನ ದರ್ಬಾರು ವೈಭವದಿಂದ ನಡೆಯಿತು. ದೇಶದಿಂದ ಗೋಧಿಯ ರಫ್ತು ನಿಲ್ಲಲಿಲ್ಲ. ರೈಲು ಪರಿಹಾರದ ಧಾನ್ಯವನ್ನು ಹೊತ್ತು ತಂದದ್ದು ನಿಜ. ಆದರೆ ದುಬಾರಿ ಬೆಲೆಯನ್ನು ಊರಿಂದೂರಿಗೆ ಹೊತ್ತದ್ದೂ ಅದೇ ರೈಲು. ಗೋದಾಮಿನಲ್ಲಿ ಧಾನ್ಯವಿದ್ದರೂ ಕೊಳ್ಳಲು ಕಾಸಿಲ್ಲದವನಿಗೆ ಅದು ಇಲ್ಲದಂತೆಯೇ.

ಆ ವರ್ಷಗಳಲ್ಲಿ ಮಳೆ ತಪ್ಪಿದ್ದು ನಮ್ಮಲ್ಲಿ ಮಾತ್ರವಲ್ಲ. ಉತ್ತರ ಚೀನಾದಲ್ಲಿ, ಬ್ರೆಜಿಲಿನ ಈಶಾನ್ಯ ಪ್ರಾಂತಗಳಲ್ಲಿ ಏಕಕಾಲಕ್ಕೆ ಕ್ಷಾಮ ತಲೆದೋರಿತು. ಶಾಂತಸಾಗರದ ನೀರು ಅಸಹಜವಾಗಿ ಬಿಸಿಯೇರುವ ಎಲ್ ನಿನೋ ಎಂಬ ವಿದ್ಯಮಾನವೇ ಇದರ ಮೂಲವೆಂಬುದು ಈಗ ತಿಳಿದಿದೆ. ಅಂದರೆ ಯಾದಗಿರಿಯ ಜೋಳದ ಹೊಲದ ಹಣೆಬರಹ ದಕ್ಷಿಣ ಅಮೆರಿಕದ ಕಡಲತೀರದಲ್ಲಿ ಬರೆಯಲ್ಪಡುತ್ತಿತ್ತು! ಭಾರತದ ಹವಾಮಾನ ಇಲಾಖೆ 1875ರಲ್ಲಿ ಸ್ಥಾಪನೆಯಾಗಿತ್ತು. ಅದರ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫೋರ್ಡ್ ಈ ಕ್ಷಾಮದ ಅನಂತರ ಹಿಮಾಲಯದ ಹಿಮಕ್ಕೂ ಮುಂಗಾರಿಗೂ ಇರುವ ನಂಟನ್ನು ಹುಡುಕಿದನು. 1904ರಿಂದ 1924ರವರೆಗೆ ಇಲಾಖೆಯನ್ನು ನಡೆಸಿದ ಗಿಲ್ಬರ್ಟ್ ವಾಕರ್ ಕಡಲುಗಳ ಆಚೆಗಿನ ವಾಯುಭಾರದ ಏರಿಳಿತವನ್ನು ನಮ್ಮ ಮಳೆಗೆ ಜೋಡಿಸಿ ನೋಡಿದನು. ಜಗತ್ತಿನ ಹವಾಮಾನ ಒಂದೇ ಎಂಬ ಅರಿವು ಹೀಗೆ ನಮ್ಮ ಬಡವರ ಹಸಿವಿನಿಂದ ಹುಟ್ಟಿಬಂದಿತು.

1880ರ ಕ್ಷಾಮ ಆಯೋಗ ಇನ್ನೊಂದು ಸತ್ಯವನ್ನು ಕಂಡುಕೊಂಡಿತು. ಬರದಲ್ಲಿ ಜನ ಸಾಯುವುದು ದೇಶದಲ್ಲಿ ಅನ್ನವೇ ಇಲ್ಲವೆಂದಲ್ಲ. ಬೇಸಾಯ ನಿಂತಾಗ ಕೂಲಿ ನಿಲ್ಲುತ್ತದೆ, ಕೂಲಿ ನಿಂತಾಗ ಅನ್ನ ಕೊಳ್ಳುವ ಶಕ್ತಿ ಹೋಗುತ್ತದೆ. ನೂರು ವರ್ಷಗಳ ಮೇಲೆ ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ 1981ರ ತಮ್ಮ ಗ್ರಂಥದಲ್ಲಿ ಈ ವಿಚಾರವನ್ನು ಶಾಸ್ತ್ರೀಯವಾಗಿ ಸ್ಥಾಪಿಸಿದರು. ಬರ ಪ್ರಕೃತಿಯದು, ಕ್ಷಾಮ ಸಮಾಜದ್ದು ಎಂದು ಅದರ ಸಾರವನ್ನು ಹೇಳಬಹುದು.

ಕಾಲುವೆ ಬಂದ ಮೇಲೆ

1948ರಲ್ಲಿ ನಿಜಾಮನ ಆಳ್ವಿಕೆ ಮುಗಿದು, 1956ರಲ್ಲಿ ಕನ್ನಡನಾಡು ಒಂದಾದಾಗ ಈ ಸೀಮೆಯವರು ದೊಡ್ಡ ಆಸೆಯಿಂದ ಬಂದು ಸೇರಿದರು. 1964ರಲ್ಲಿ ಆಲಮಟ್ಟಿಯಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಹಾಕಿದರು. 1982ರಲ್ಲಿ ನಾರಾಯಣಪುರದ ಅಣೆಕಟ್ಟು, ನಮ್ಮ ಬಸವಸಾಗರ, ಸಿದ್ಧವಾಯಿತು. ಎಡದಂಡೆ ಕಾಲುವೆ ಮತ್ತು ಶಹಾಪುರ ಶಾಖಾ ಕಾಲುವೆಗಳ ಮೂಲಕ ಸುರಪುರ, ಶಹಾಪುರಗಳ ಹೊಲಗಳಿಗೆ ಕೃಷ್ಣೆ ಹರಿದಳು. ಆ ನೀರಿನಿಂದ ಎಷ್ಟೋ ಮನೆಗಳ ಒಲೆ ಉರಿದಿದೆ, ಎಷ್ಟೋ ಮಕ್ಕಳು ಓದಿದ್ದಾರೆ. ಇದನ್ನು ಕೃತಜ್ಞತೆಯಿಂದ ನೆನೆಯಬೇಕು.

ಆದರೆ ನೀರು ಕೂಡ ಮೇಲು-ಕೆಳಗು ನೋಡಿ ಹರಿಯಿತು. ಒಣಬೇಸಾಯಕ್ಕೆ ಆಸರೆಯಾಗಲೆಂದು ಯೋಜಿಸಿದ ನೀರನ್ನು ಕಾಲುವೆಯ ಮೇಲ್ಭಾಗದವರು ಭತ್ತಕ್ಕೆ ಹಾಯಿಸಿದರು. ಕೊನೆಯ ಹೊಲದ ರೈತ ಕಾಲುವೆ ನೋಡುತ್ತ ಕುಳಿತನು. ಹೆಚ್ಚು ನೀರುಂಡ ಕರಿನೆಲದ ಕೆಲವು ಭಾಗ ಜೌಗಾಯಿತು, ಸವಳಾಯಿತು. ಕಾಲುವೆ ಬಂದಿತೆಂದು ಕೆರೆಯ ಹೂಳನ್ನು ಮರೆತೆವು. ಅಕ್ಕಿ ಬಂದಿತೆಂದು ಹಗೇವನ್ನು ಮುಚ್ಚಿದೆವು. ಭೀಮೆಯ ಆಚೆಯ ಯಾದಗಿರಿಯ ಕೆಂಪು ಮಣ್ಣಿನ ಊರುಗಳು ಹೆಚ್ಚಾಗಿ ಮಳೆಯನ್ನೇ ನೆಚ್ಚಿ ಉಳಿದವು.

2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪ ಸಮಿತಿ ವರದಿ ಕೊಟ್ಟಾಗ ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ತಾಲ್ಲೂಕುಗಳು ಗುಲ್ಬರ್ಗಾ ವಿಭಾಗವೊಂದರಲ್ಲಿಯೇ ಇದ್ದವು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.83, ಇಡೀ ಕರ್ನಾಟಕದಲ್ಲಿ ಅತಿ ಕಡಿಮೆ. ಈ ಅಂಕಿಗಳಿಗೂ ಹವಾಮಾನಕ್ಕೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧ ಬಹಳವಿದೆ. ಓದು ಬರಹ ಬಲ್ಲವನು ಬೆಳೆ ವಿಮೆಯ ಅರ್ಜಿ ತುಂಬುತ್ತಾನೆ, ಮುನ್ಸೂಚನೆ ಓದುತ್ತಾನೆ, ಬೇರೊಂದು ಕಸುಬು ಹಿಡಿಯುತ್ತಾನೆ. ಅದಿಲ್ಲದವನಿಗೆ ಒಂದೇ ದಾರಿ. ಅದರ ಹೆಸರು ಗುಳೆ.

ಒಂದೇ ವರ್ಷದಲ್ಲಿ ಬರ ಮತ್ತು ನೆರೆ

2009ರ ವರ್ಷವನ್ನು ನೆನೆದುಕೊಳ್ಳಿ. ಅಂದಿನ ಮುಂಗಾರು ದೇಶದಲ್ಲಿ ಸರಾಸರಿಗಿಂತ ಶೇ. 22ರಷ್ಟು ಕಡಿಮೆಯಾಗಿ ಬರದ ವರ್ಷವೆನಿಸಿತು. ಸೆಪ್ಟೆಂಬರ್ ಕೊನೆಯಲ್ಲಿ ಅದೇ ಆಕಾಶ ಉತ್ತರ ಕರ್ನಾಟಕದ ಮೇಲೆ ಒಡೆದು ಸುರಿಯಿತು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಆ ವರ್ಷದ ಡಿಸೆಂಬರ್ 30ರಂದು ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳು ಕೂಡಿ ಯಾದಗಿರಿ ಜಿಲ್ಲೆ ಅಸ್ತಿತ್ವಕ್ಕೆ ಬಂದಿತು. ಬರ ಮತ್ತು ನೆರೆ ಎರಡರ ತೊಟ್ಟಿಲಲ್ಲಿ ಹುಟ್ಟಿದ ಜಿಲ್ಲೆಯಿದು.

ಅನಂತರದ ವರ್ಷಗಳೂ ಅದೇ ಪಾಠವನ್ನು ಹೇಳಿವೆ. 2019ರ ಆಗಸ್ಟಿನಲ್ಲಿ ನಾರಾಯಣಪುರದಿಂದ ಆರು ಲಕ್ಷ ಕ್ಯೂಸೆಕ್ಕಿಗೂ ಮೀರಿ ನೀರು ಹರಿದು ಕೃಷ್ಣೆಯ ದಂಡೆಯ ಹೊಲಗಳು ಮುಳುಗಿದವು. ನದಿಯ ನಡುಗಡ್ಡೆಯಾದ ನೀಲಕಂಠರಾಯನಗಡ್ಡಿಯಂಥ ಊರು ಇಂಥ ನೆರೆಗಳಲ್ಲಿ ಹೊರಜಗತ್ತಿನ ಸಂಪರ್ಕವನ್ನು ಕಳೆದುಕೊಳ್ಳುತ್ತಿತ್ತು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದಳು. 2023ರಲ್ಲಿ ಮತ್ತೆ ಎಲ್ ನಿನೋ. 1901ರಿಂದೀಚೆಗೆ ಕಂಡ ಅತ್ಯಂತ ಒಣ ಆಗಸ್ಟ್ ತಿಂಗಳು ಅದು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಬೇಕಾಯಿತು.

ಧಾತು ಬರದ ಕಾಲದಲ್ಲಿ ಎಲ್ ನಿನೋ ಕೇವಲ ಪ್ರಕೃತಿಯ ಆಟವಾಗಿತ್ತು. ಈಗ ಆ ಆಟದ ಕೆಳಗಿನ ನೆಲವೇ ಬಿಸಿಯಾಗಿದೆ. ಯಂತ್ರಯುಗಕ್ಕೆ ಮುನ್ನ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗವಿದ್ದ ಇಂಗಾಲಾಮ್ಲ 420 ಭಾಗವನ್ನು ದಾಟಿದೆ. ಬಿಸಿಯೇರಿದ ಗಾಳಿ ಹೆಚ್ಚು ತೇವವನ್ನು ಹೀರಿ ಹಿಡಿಯುತ್ತದೆ. ಆದುದರಿಂದ ಮಳೆಯಿಲ್ಲದ ದಿನಗಳು ನೆಲವನ್ನು ಹೆಚ್ಚು ಒಣಗಿಸುತ್ತವೆ, ಬಂದ ಮಳೆ ಒಮ್ಮೆಲೇ ಸುರಿಯುತ್ತದೆ. ಬರ, ನೆರೆಗಳೆರಡೂ ಒಂದೇ ಬೇನೆಯ ಎರಡು ಮುಖಗಳಾಗಿವೆ.

ಈ ಹೊಗೆಯನ್ನು ಬಿಟ್ಟವರು ಯಾರು? ಎರಡು ಶತಮಾನಗಳಿಂದ ಕಲ್ಲಿದ್ದಲು, ಎಣ್ಣೆ ಉರಿಸಿದ ಶ್ರೀಮಂತ ದೇಶಗಳ ಪಾಲು ಅತಿ ದೊಡ್ಡದು. ಇಂದಿಗೂ ಭಾರತೀಯನೊಬ್ಬನ ತಲಾ ಪಾಲು ಜಗತ್ತಿನ ಸರಾಸರಿಯ ಅರ್ಧಕ್ಕಿಂತ ಕಡಿಮೆ. ಗುಳೆ ಹೋಗುವ ಕೂಲಿಯವಳ ಪಾಲಂತೂ ಅದರಲ್ಲಿಯೂ ಅಲ್ಪ. 1992ರ ರಿಯೊ ಸಮ್ಮೇಳನದ ಒಪ್ಪಂದ ಹೊಣೆ ಎಲ್ಲರದು, ಆದರೆ ಸಮಾನವಲ್ಲ ಎಂಬ ತತ್ತ್ವವನ್ನು ಒಪ್ಪಿತು. ಆದರೂ ಹಾನಿಗೊಳಗಾದ ಬಡನಾಡುಗಳಿಗಾಗಿ ಒಂದು ನಿಧಿ ಬೇಕೆಂದು ರಾಷ್ಟ್ರಗಳು ಒಪ್ಪಲು 2022ರವರೆಗೆ, ಮೂವತ್ತು ವರ್ಷ ಹಿಡಿಯಿತು. ಪೋಪ್ ಫ್ರಾನ್ಸಿಸರು 2015ರ ತಮ್ಮ ವಿಶ್ವಪತ್ರ 'ಲೌದಾತೋ ಸಿ'ಯಲ್ಲಿ ಸಿರಿವಂತ ನಾಡುಗಳು ಬಡನಾಡುಗಳಿಗೆ ತೀರಿಸಬೇಕಾದ ಪರಿಸರದ ಋಣವೊಂದಿದೆ ಎಂದು ಹೇಳಿದ್ದು ಈ ಅನ್ಯಾಯವನ್ನು ಕಂಡೇ.

ನಮ್ಮ ಪಾಲಿನ ಋಣ

ಆದರೆ ದೂರದ ಸಾಲಗಾರರನ್ನು ಬೆರಳು ಮಾಡಿ ತೋರಿಸಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಶ್ರೀಮಂತ ದೇಶಕ್ಕೂ ಬಡದೇಶಕ್ಕೂ ಇರುವ ಅಂತರವೇ ಬೆಂಗಳೂರಿಗೂ ಯಾದಗಿರಿಗೂ, ಕಾಲುವೆಯ ತಲೆಗೂ ಬಾಲಕ್ಕೂ, ಊರಿಗೂ ತಾಂಡಾಕ್ಕೂ ಇದೆ. ಬೆಂಗಳೂರು, ಹೈದರಾಬಾದು, ಪುಣೆಗಳ ಎತ್ತರದ ಕಟ್ಟಡಗಳ ಬುಡದಲ್ಲಿ ನೀಲಿ ತಾಡಪತ್ರಿಯ ಗುಡಿಸಲುಗಳಿರುತ್ತವೆ. ಅಲ್ಲಿ ಇಟ್ಟಿಗೆ ಹೊರುವವರ ಮಾತಿಗೆ ಕಿವಿಗೊಡಿ. ಅನೇಕ ವೇಳೆ ಅದು ಸುರಪುರದ ಕನ್ನಡ, ಶಹಾಪುರದ ಕನ್ನಡ. ಅವರ ಮಕ್ಕಳು ಊರಿನ ಶಾಲೆಯ ಹಾಜರಿಯಲ್ಲಿಯೂ ಇಲ್ಲ, ನಗರದ ಶಾಲೆಯ ಹಾಜರಿಯಲ್ಲಿಯೂ ಇಲ್ಲ. ನಮ್ಮ ಧರ್ಮಕೇಂದ್ರದ ಪಕ್ಕದ ಬೀದಿಯಲ್ಲಿ ಅಂಥ ಒಂದು ಗುಡಿಸಲಿದ್ದರೆ, ಹವಾಮಾನ ಬದಲಾವಣೆ ನಮ್ಮ ಬಾಗಿಲಿಗೆ ಬಂದು ನಿಂತಿದೆಯೆಂದೇ ತಿಳಿಯಬೇಕು. ಆ ಮಗುವನ್ನು ಹತ್ತಿರದ ಶಾಲೆಗೆ ಸೇರಿಸುವುದು, ಪಡಿತರ ಚೀಟಿಯ ಧಾನ್ಯ ಅಲ್ಲಿಯೇ ಸಿಗುವಂತೆ ನೆರವಾಗುವುದು ದೊಡ್ಡ ಸಮ್ಮೇಳನಗಳನ್ನು ಕಾಯಬೇಕಾದ ಕೆಲಸಗಳಲ್ಲ.

ಊರಿನಲ್ಲಿ ಮಾಡಬೇಕಾದದ್ದನ್ನು ಇತಿಹಾಸವೇ ಹೇಳಿಕೊಟ್ಟಿದೆ. ಬರಗಾಲದ ಕೂಲಿಯೆಂದು ಒಂದು ಕಾಲದಲ್ಲಿ ಕಲ್ಲು ಒಡೆಸುತ್ತಿದ್ದರು. 2006ರಲ್ಲಿ ಉದ್ಯೋಗ ಖಾತರಿ ಯೋಜನೆ ಆರಂಭವಾದಾಗ ಮೊದಲ ಹಂತದ 200 ಜಿಲ್ಲೆಗಳಲ್ಲಿ ಅಂದಿನ ಗುಲ್ಬರ್ಗಾವೂ ಒಂದಾಗಿತ್ತು. ಕೂಲಿಯ ಹಣದಿಂದ ಕೆರೆಯ ಹೂಳು ತೆಗೆಯಬಹುದು, ಬದು ಹಾಕಬಹುದು ಎಂಬುದನ್ನು ಅದು ತೋರಿಸಿಕೊಟ್ಟಿತು. ಕೆರೆ ಬರದಲ್ಲಿ ನೀರು ಕೊಡುತ್ತದೆ, ನೆರೆಯಲ್ಲಿ ನೀರನ್ನು ತಡೆಯುತ್ತದೆ. ಜೋಳ, ಸಜ್ಜೆ, ತೊಗರಿಗಳು ಅಲ್ಪ ನೀರಿನಲ್ಲಿ ಬಾಳುತ್ತವೆ. ನಮ್ಮ ತಟ್ಟೆಯಲ್ಲಿ ರೊಟ್ಟಿಗೆ ಮರ್ಯಾದೆ ಬಂದರೆ ರೈತನ ಹೊಲದಲ್ಲಿ ಜೋಳಕ್ಕೆ ಬೆಲೆ ಬರುತ್ತದೆ. ಹಗೇವನ್ನು ಮತ್ತೆ ಅಗೆಯಬೇಕೆಂದಲ್ಲ. ನಾಳೆಯವರಿಗಾಗಿ ಇಂದು ಕೂಡಿಡುವ ಅದರ ಹಿಂದಿನ ಬುದ್ಧಿಯನ್ನು ಅಗೆದು ತೆಗೆಯಬೇಕು.

ಮುಂದಿನ ಬರ ಯಾವ ವರ್ಷ ಬರುವುದೋ ತಿಳಿಯದು, ಬರುವುದಂತೂ ಖಂಡಿತ. ಅದನ್ನು ತಡೆಯುವ ಶಕ್ತಿ ಯಾದಗಿರಿಗೂ ಇಲ್ಲ, ನಮಗೂ ಇಲ್ಲ. ಆದರೆ ಅದು ಕ್ಷಾಮವಾಗಬೇಕೆ ಬೇಡವೆ ಎಂಬುದು ನೆಲದ ಮೇಲೆ ತೀರ್ಮಾನವಾಗುವ ಮಾತು. ಹಿರಿಯರಂತೆ ನಮ್ಮ ಮಕ್ಕಳೂ ವರ್ಷಗಳಿಗೆ ಹೆಸರಿಟ್ಟು ಎಣಿಸುವುದಾದರೆ, ಆ ವರ್ಷವನ್ನು ಅವರು ಊರು ಬರಿದಾದ ವರುಷವೆಂದು ಕರೆಯದಿರಲಿ. ಮಳೆ ಬಾರದಿದ್ದರೂ ಯಾರೂ ಊರು ಬಿಡದ ವರುಷವೆಂದು ಕರೆಯಲಿ.